ಬೀಗರ ಚೇಷ್ಟೆ ನಿಂತ ಮೂರು ತಿಂಗಳು

ಬ್ಯಾಡಗಿಯ ನಮ್ಮ ಬೀಗರು ಮೂರು ತಿಂಗಳ ಕಾಲ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಆರಾಮದೀರೇನ್ರಿ?" ಫೋನಿನಲ್ಲಿ ಅದೇ, ಎದುರು ಸಿಕ್ಕಾಗಲೂ ಅದೇ. ನಾನು "ಆರಾಮ ಅದೀನ್ರಿ" ಎಂದರೆ "ಚಲೋ ಆತ್ರಿ" ಎಂದು ಮಾತು ಮುಗಿಸುತ್ತಿದ್ದರು. ಬೇರೆ ಯಾರಾದರೂ ಇಷ್ಟು ಮರ್ಯಾದೆಯಿಂದ ನಡೆದುಕೊಂಡಿದ್ದರೆ ನಾನು ಸಂತೋಷಪಡುತ್ತಿದ್ದೆನೋ ಏನೋ. ಆದರೆ ಇವರು ನನ್ನ ಮಗನಿಗೆ ಹೆಣ್ಣು ಕೊಟ್ಟವರು. ಸಂಬಂಧ ಮಾತನಾಡಲು ಹಲಗೇರಿಗೆ ಬಂದ ಮೊದಲ ದಿನವೇ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ನನ್ನ ಸಣಕಲು ಮೈಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹುಡುಗನ್ನ ಆಮ್ಯಾಲ ನೋಡೂನ್ರಿ, ಮದ್ಲ ಇವರಿಗೆ ಯಾರರ ಉಣ್ಣಾಕ ಹಾಕ್ರಿ" ಎಂದವರು.

ಅವರ ಕೆಲಸ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ಬಣ್ಣ, ಸುಕ್ಕು, ತೊಟ್ಟು ನೋಡಿ ಇದು ಇಂಥ ತರದ ಮಾಲು ಎಂದು ಹೇಳುವುದು. ಅಲ್ಲಿ ತೆಳ್ಳಗೆ ಉದ್ದವಾದ ಕಾಯಿಗೆ ಕಡ್ಡಿ ಎಂದೂ ಗುಂಡಗೆ ಉಬ್ಬಿದ ಕಾಯಿಗೆ ಡಬ್ಬಿ ಎಂದೂ ಹೆಸರು. ಮದುವೆಯ ಮಂಟಪ ಬಿಚ್ಚುವ ಮೊದಲೇ ನಾನು "ಕಡ್ಡಿ ಸಾವ್ಕಾರ" ಆಗಿದ್ದೆ. ಅವರ ಹೊಟ್ಟೆಯ ಸುತ್ತಳತೆಯನ್ನು ಗಮನಿಸಿ ನಾನು ಅವರನ್ನು "ಡಬ್ಬಿ ಸಾವ್ಕಾರ" ಮಾಡಿದೆ. ಇಬ್ಬರಲ್ಲಿ ಯಾರೂ ಸಾಹುಕಾರರಲ್ಲ. ನಾನು ನಲವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವನು, ಜೋಳ, ಗೋದಿ, ಒಣಮೆಣಸಿನಕಾಯಿ ಬೀಸಿಕೊಟ್ಟು ಬದುಕಿದವನು.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ಗಿರಣಿಯೇ ಮುಂದಿನ ಶಾಲೆಯಾಯಿತು. ರದ್ದಿ ಕಾಗದ, ಹಳೆಯ ಪಠ್ಯಪುಸ್ತಕ, ಹರಿದ ನಿಘಂಟು, ಎಲ್ಲವನ್ನೂ ಬೆಲ್ಟಿನ ಸದ್ದಿನ ನಡುವೆ ಓದಿದೆ. ಹಾಗೆ ಓದಿದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ: ಯಾರು ಏನು ಹೇಳಿದರೂ "ಅದು ಹಾಗೇಕೆ?" ಎನ್ನುವುದು. ಚೇಷ್ಟೆ ಎಂಬ ಮಾತಿನ ವಿಷಯದಲ್ಲಿಯೂ ನನಗೆ ಈ ರೋಗ ಉಂಟು. ನಿಘಂಟಿನಲ್ಲಿ ಕಾಡು ಎಂಬುದಕ್ಕೆ ಪೀಡಿಸು ಎಂದಿದೆ, ಚೇಷ್ಟೆಗೆ ಕುಚೋದ್ಯ ಎಂದಿದೆ. ಆದರೆ ನಮ್ಮ ಸೀಮೆಯಲ್ಲಿ ಅಳಿಯನನ್ನು ಕಾಡುವುದು ನಾದಿನಿಯರ ಹಕ್ಕು. ಬೀಗರನ್ನು ಕಾಡದಿದ್ದರೆ ಅದು ಬೀಗರಿಗೆ ಮಾಡಿದ ಅವಮಾನ. ಪೀಡಿಸದಿದ್ದರೆ ಅವಮಾನವಾಗುವ ಪೀಡೆ ಎಂಥದ್ದು? ಸಲಿಗೆ ಇದ್ದಲ್ಲಿ ಚೇಷ್ಟೆ ಬರುತ್ತದೆ ಎಂದು ಹಿರಿಯರು ಹೇಳುತ್ತಾರೆ. ಅದನ್ನೂ ನಾನು ಒಪ್ಪುವುದಿಲ್ಲ. ಕಟ್ಟೆಯ ಮೇಲೆ ಕುಳಿತು ನನಗೆ ಉಣ್ಣಲು ಹಾಕಿ ಎಂದ ಮನುಷ್ಯನಿಗೂ ನನಗೂ ಆ ಕ್ಷಣದವರೆಗೆ ಯಾವ ಸಲಿಗೆಯೂ ಇರಲಿಲ್ಲ. ಚೇಷ್ಟೆ ಮೊದಲು ಬಂತು, ಸಲಿಗೆ ಅದರ ಹಿಂದೆ ಬಂದು ಕುಳಿತಿತು.

ಈ ವಿಚಾರದಲ್ಲಿ ನಾನು ತಕರಾರಿಲ್ಲದೆ ಒಪ್ಪಿದ ಮಾತು ಒಂದೇ. ಅದನ್ನು ಹೇಳಿದವಳು ನನ್ನ ಸೊಸೆ, ಅಂದರೆ ಈ ಬೀಗರ ಮಗಳು. ಅವಳು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಮೊಳಕೆ ಎಣಿಸುವ ಕೆಲಸದಲ್ಲಿದ್ದಾಳೆ. ಒಂದು ಸಂಜೆ ಬಸ್ಸಿನಲ್ಲಿ ಯಾರೋ ಇಬ್ಬರು ಬೇಡದ ಮಾತಾಡಿದರೆಂದು ಸಿಡುಕಿಕೊಂಡು ಬಂದಳು. ನೆರೆಮನೆಯ ಮುದುಕಿ "ಹುಡುಗ್ರು, ಚ್ಯಾಷ್ಟಿ ಮಾಡಿರತಾವ ಬಿಡವ್ವಾ" ಎಂದಾಗ ಸೊಸೆ ನನ್ನ ಕಡೆ ತಿರುಗಿದಳು.

"ಮಾವಾರ, ನೀವು ನಮ್ಮಪ್ಪಗ ಒಂದ ಅಂದ್ರ ನಮ್ಮಪ್ಪ ನಿಮಗ ಎರಡ ಅಂತಾನ. ಇಬ್ರೂ ನಗತೀರಿ. ನಾ ಅವ್ರಿಗೆ ತಿರಗಿ ಒಂದ ಮಾತ ಅಂದಿದ್ರ ನಗತಿದ್ರೇನು? ಹೊಡ್ಯಾಕ ಬರ್ತಿದ್ರು. ತಿರಗಿ ಅನ್ನಾಕ ಬರಲಾರದ್ದಕ್ಕ ಚ್ಯಾಷ್ಟಿ ಅನ್ನಬ್ಯಾಡ್ರಿ."

ಸರದಿ ಇದ್ದರೆ ಚೇಷ್ಟೆ, ಇಲ್ಲದಿದ್ದರೆ ದಬ್ಬಾಳಿಕೆ. ಯಾವ ನಿಘಂಟಿನಲ್ಲಿಯೂ ನನಗೆ ಇಷ್ಟು ನೇರವಾದ ಅರ್ಥ ಸಿಕ್ಕಿರಲಿಲ್ಲ. ಮುಂದೆ ಇದೇ ಮಾತು ನನ್ನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತದೆ ಎಂದು ಆಗ ಹೊಳೆದಿರಲಿಲ್ಲ.

ಸೊಸೆಗೆ ಏಳನೆಯ ತಿಂಗಳು ಹಿಡಿದಾಗ ಕುಬಸ, ಎಂದರೆ ಸೀಮಂತ, ಮಾಡಿದೆವು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಕಾಲ. ಬ್ಯಾಡಗಿಯಿಂದ ಬೀಗರು, ಬೀಗಿತಿ, ಅವರ ಮಂದಿ ಹಸಿರು ಸೀರೆ, ಬಳೆ, ಬುತ್ತಿಯ ಬುಟ್ಟಿಗಳೊಂದಿಗೆ ಬಂದಿಳಿದರು. ಊಟದ ಪಂಕ್ತಿಯಲ್ಲಿ ಬೀಗರು ನನ್ನ ಎದುರಿಗೇ ಕುಳಿತರು. ಎಂದಿನಂತೆ ನಾನೇ ಶುರು ಮಾಡಿದೆ.

"ಬೀಗ್ರ, ನಿಮ್ಮೂರ ಮೆಣಸಿನಕಾಯಿ ಮಂದಿ ಹಂಗ ನೋಡ್ರಿ. ಬಣ್ಣ ಐತಿ, ಖಾರ ಇಲ್ಲ."

ಬ್ಯಾಡಗಿಯವರಿಗೆ ನಾವು ರಾಣೆಬೆನ್ನೂರು ಕಡೆಯವರು ಹೇಳುವ ಹಳೆಯ ಮಾತಿದು. ಆ ಕಾಯಿಯ ಹೆಮ್ಮೆಯೇ ಬಣ್ಣ, ಖಾರ ಕಡಿಮೆ ಎಂಬುದು ಜಗತ್ತಿಗೇ ಗೊತ್ತು. ಬೀಗರು ಸಿಟ್ಟಿಗೇಳಲಿಲ್ಲ. ಬುತ್ತಿಯ ಬುಟ್ಟಿಯಿಂದ ಒಂದು ಭರಣಿ ತೆಗೆಸಿ, ಕೆಂಪಗೆ ಹೊಳೆಯುವ ರಂಜಕ, ಎಂದರೆ ಮೆಣಸಿನಕಾಯಿ ರುಬ್ಬಿದ ಚಟ್ನಿಯನ್ನು, ತಾವೇ ಕೈಯಾರೆ ನನ್ನ ರೊಟ್ಟಿಯ ಮೇಲೆ ಬಡಿಸಿದರು.

"ತಗೋರಿ ಕಡ್ಡಿ ಸಾವ್ಕಾರ್ರ. ಬರೇ ಬಣ್ಣ. ಕೂಸಿಗೂ ನೆಕ್ಕಸಬಹುದು."

ನಲವತ್ತು ವರ್ಷ ಮೆಣಸಿನಕಾಯಿ ಬೀಸಿದವನ ಮೂಗಿಗೆ ತುತ್ತು ಬಾಯಿಗೆ ಹೋಗುವ ಮೊದಲೇ ತಿಳಿಯಿತು: ಇದು ಬ್ಯಾಡಗಿಯ ಕಾಯಿಯಲ್ಲ, ಗುಂಟೂರಿನ ಕಡೆಯದು. ಆದರೆ ಈಗತಾನೇ ಖಾರ ಇಲ್ಲ ಎಂದು ನಾಲ್ಕು ಮಂದಿಯ ಮುಂದೆ ಹೇಳಿದ್ದೆ. ನಾನು ತಿಂದೆ. ಕಿವಿಯಿಂದ ಹೊಗೆ ಹೊರಟಂತಾಯಿತು, ಕಣ್ಣು ತುಂಬಿತು, ತಲೆಯ ಬೋಳಿನ ಮೇಲೆ ಬೆವರು ಸಾಲುಗಟ್ಟಿತು. "ಹೆಂಗೈತ್ರಿ?" ಎಂದರು ಬೀಗರು. "ಸಪ್ಪಗೈತಿ" ಎಂದು ಎರಡನೆಯ ಸಲ ಬಡಿಸಿಕೊಂಡೆ. ಪಂಕ್ತಿಯೇ ಬಿದ್ದು ಬಿದ್ದು ನಕ್ಕಿತು. ಸೊಸೆ ಹಸಿರು ಸೀರೆಯ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತೆಯ ಹೆಗಲಿಗೆ ಒರಗಿದ್ದಳು. ನಾನು ಮುಂದಿನ ಸರದಿಗೆ ಏನು ಮಾಡಬೇಕೆಂದು ಆಗಲೇ ಲೆಕ್ಕ ಹಾಕುತ್ತಿದ್ದೆ.

ಮರುದಿನ ಮುಂಜಾನೆ ಗಿರಣಿಯ ಬಾಗಿಲು ತೆಗೆಯುವಾಗ ಎದೆ ಹಿಡಿದುಕೊಂಡು ಕುಸಿದು ಕುಳಿತೆ. ರಾಣೆಬೆನ್ನೂರಿನ ದವಾಖಾನೆಗೆ ಒಯ್ದರು. ರಕ್ತದ ಒತ್ತಡ ವಿಪರೀತ ಏರಿತ್ತಂತೆ. ಮೂರು ದಿನ ಇಟ್ಟುಕೊಂಡು, ಹೃದಯಕ್ಕೆ ಏನೂ ಆಗಿಲ್ಲವೆಂದು ಹೇಳಿ ಕಳಿಸಿದರು.

ನಾನು ಮನೆಗೆ ಬರುವಷ್ಟರಲ್ಲಿ ಕಥೆ ಸಿದ್ಧವಾಗಿತ್ತು. ಬೀಗರ ರಂಜಕ ಎದೆಗೆ ಬಡಿಯಿತು ಎಂದು ಹಲಗೇರಿ ಹೇಳಿತು, ಅದೇ ಮಾತು ಬಸ್ಸು ಹತ್ತಿ ಬ್ಯಾಡಗಿಗೆ ಹೋಯಿತು. ವೈದ್ಯರು "ಮನಸ್ಸಿಗೆ ತ್ರಾಸ ಮಾಡಬ್ಯಾಡ್ರಿ" ಎಂದಿದ್ದು ಮನೆಯ ಹೊಸ್ತಿಲಲ್ಲಿ "ಅವರಿಗೆ ಏನೂ ಅನಬ್ಯಾಡ್ರಿ" ಆಯಿತು. ಓಣಿಗೆ ಹೋಗುವಷ್ಟರಲ್ಲಿ "ನಗಸಲೂ ಬ್ಯಾಡ್ರಿ" ಆಯಿತು. ಗಿರಣಿಗೆ ಬರುವ ಹೆಣ್ಣುಮಕ್ಕಳು "ಅಜ್ಜಾರ, ಹಿಟ್ಟಿಗಿಂತಾ ಮಾತ ನುಣ್ಣಗ ಬೀಸ್ತೀರಿ" ಎಂದು ಕೆಣಕುತ್ತಿದ್ದವರು ಈಗ ಡಬ್ಬಿ ಇಟ್ಟು ತಲೆಯ ಮೇಲೆ ಸೆರಗು ಹೊದ್ದು ದೂರ ನಿಲ್ಲತೊಡಗಿದರು. ನಾನು ಗೋಡೆಗೆ ತೂಗುಹಾಕಿದ ಫೋಟೋದಂತಾದೆ. ಕಡಿಮೆಯಾಗಿದ್ದುದು ಮಾಲೆ ಒಂದೇ.

ಬೀಗರು ದವಾಖಾನೆಗೆ ಬಂದಾಗ ಬಾಗಿಲಲ್ಲೇ ನಿಂತಿದ್ದರು. ನಾನು ನಗಿಸಲೆಂದು "ಬರ್ರಿ ಡಬ್ಬಿ ಸಾವ್ಕಾರ್ರ, ಭರಣಿ ತಂದೀರೇನು?" ಎಂದೆ. ಅವರ ಮುಖ ಸುಟ್ಟ ಬದನೆಕಾಯಿಯಂತೆ ಕುಗ್ಗಿತು. "ಆರಾಮದೀರೇನ್ರಿ?" ಎಂದರು. ಆ ಪ್ರಶ್ನೆ ಅಲ್ಲಿಂದ ಶುರುವಾಯಿತು.

ಬೇಸಿಗೆಯ ಕೊನೆಗೆ ಬ್ಯಾಡಗಿಯ ತವರಿನಲ್ಲಿ ಸೊಸೆ ಹೆಣ್ಣುಮಗು ಹಡೆದಳು. ನಾನೂ ನನ್ನ ಹೆಂಡತಿಯೂ ನೋಡಲು ಹೋದೆವು. ಮಗುವಿಗೆ ನನ್ನದೇ ಮೂಗು, ಗಿಳಿಯ ಕೊಕ್ಕಿನಂತೆ ಬಾಗಿದ್ದು. ಬೀಗರಿಗೆ ಇದಕ್ಕಿಂತ ದೊಡ್ಡ ಅವಕಾಶ ಬೇಕೆ? ನಾನು ಕಾದೆ. ಅವರು ಮಗುವನ್ನು ನೋಡಿದರು, ನನ್ನ ಮೂಗನ್ನು ನೋಡಿದರು, ತುಟಿಯ ಅಂಚು ಒಮ್ಮೆ ಅದುರಿತು. ನಂತರ ನೆಲ ನೋಡಿ, "ಬಿಸಲಾಗ ಬಂದೀರಿ, ಆರಾಮದೀರೇನ್ರಿ?" ಎಂದರು.

ಊಟಕ್ಕೆ ಕುಳಿತಾಗ ಅವರ ತಟ್ಟೆಯಲ್ಲಿ ಅನ್ನ, ಮೊಸರು, ಸಪ್ಪೆ ಬೇಳೆ. ಬೀಗಿತಿ ನನ್ನ ಹೆಂಡತಿಗೆ ತಗ್ಗಿದ ದನಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

"ಖಾರ ಬಿಟ್ಟಾರವ್ವಾ. ಬೀಗ್ರನ್ನ ಕೊಲ್ಲತಿದ್ನಲ್ಲ ಅಂತ ಒಬ್ರ ಕುಂತು ಅಂತಿರತಾರ. ಪ್ಯಾಟ್ಯಾಗನೂ ಯಾರ ಕೂಡಾನೂ ನಗೂದಿಲ್ಲಂತ. ಮನ್ಯಾಗ ಕೂಸ ಹುಟ್ಟೇತಿ, ಇವರ ನಗಿ ಕೇಳಲಿಲ್ಲ ನಾ."

ಬ್ಯಾಡಗಿಯ ಮನುಷ್ಯ ಮೆಣಸಿನಕಾಯಿ ಬಿಡುವುದು ಎಂದರೇನೆಂದು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಹಗಲೆಲ್ಲ ಆ ಘಾಟಿನಲ್ಲಿ ಸೀನುತ್ತಾ ಕೆಲಸ ಮಾಡಿ, ಮನೆಗೆ ಬಂದು ಮೊಸರನ್ನ ಉಣ್ಣುವ ಆ ದೊಡ್ಡ ಮೈಯ ಮನುಷ್ಯನನ್ನು ನೋಡಿ ನಾನು ನನ್ನ ತಟ್ಟೆಯ ಚಟ್ನಿಯನ್ನು ಅಂಚಿಗೆ ಸರಿಸಿದೆ. ಅವರು ತಮ್ಮ ಸರದಿ ಆಡಿದ್ದರು. ನನ್ನ ಸರದಿ ಬಾಕಿ ಇತ್ತು. ನಾನು ತಿರುಗಿ ಏನೂ ಮಾಡದೆ ಕುಳಿತಿದ್ದರಿಂದ ಅವರು ಮಾಡಿದ್ದು ಚೇಷ್ಟೆಯಾಗಿ ಉಳಿಯದೆ ಅಪರಾಧವಾಗಿಬಿಟ್ಟಿತ್ತು.

ಎರಡು ದಿನ ಬಿಟ್ಟು ನಾನೊಬ್ಬನೇ ರಾಣೆಬೆನ್ನೂರಿನ ವೈದ್ಯರ ಬಳಿ ಹೋದೆ. ರಂಜಕದಿಂದ ಹೀಗೆ ಆಗುತ್ತದೆಯೇ ಎಂದು ನೇರವಾಗಿ ಕೇಳಿದೆ. ವಯಸ್ಸಿನಲ್ಲಿ ನನ್ನ ಮಗನಷ್ಟಿರುವ ಆ ವೈದ್ಯರು ನಕ್ಕರು.

"ಖಾರ ತಿಂದ್ರ ಹೊಟ್ಟಿ ಉರೀತೈತ್ರಿ ಯಜಮಾನ್ರ. ನಿಮಗ ಆಗಿದ್ದು ಬಿಪಿ ಏರಿದ್ದು. ಆವತ್ತೂ ಕೇಳಿದ್ದೆ, ಇವತ್ತೂ ಕೇಳ್ತೇನಿ. ಗುಳಿಗಿ ತಪ್ಪಿಸಿದ್ರೇನು?"

"ಇಲ್ಲ" ಎಂದೆ. ಆವತ್ತೂ ಹಾಗೆಯೇ ಹೇಳಿದ್ದೆ.

ಅದು ಸುಳ್ಳು. ಕುಬಸಕ್ಕೆ ಮೂರು ವಾರ ಮೊದಲು ನಾನು ಬಿಪಿ ಗುಳಿಗೆಯನ್ನು ನಿಲ್ಲಿಸಿದ್ದೆ. ದಿನಾ ಒಂದು ಗುಳಿಗೆ ಜೀವವಿರುವ ತನಕ ನುಂಗಬೇಕು ಎಂಬ ಮಾತನ್ನು ಎಲ್ಲರೂ ಹೇಗೆ ಕಣ್ಣು ಮುಚ್ಚಿ ನಂಬುತ್ತಾರೆ ಎಂದು ನನಗೆ ಅನಿಸಿತ್ತು. ಪರೀಕ್ಷಿಸಿಯೇ ಬಿಡೋಣ ಎಂದು ಹೆಂಡತಿ ಕೊಟ್ಟ ಗುಳಿಗೆಗಳನ್ನು ಗಿರಣಿಯಲ್ಲಿ ನುಂಗುತ್ತೇನೆಂದು ಹೇಳಿ, ಹಳೆಯ ತಗಡಿನ ಡಬ್ಬಿಯಲ್ಲಿ ಹಾಕುತ್ತ ಬಂದೆ. ಪ್ರಯೋಗವೆಂದ ಮೇಲೆ ಟಿಪ್ಪಣಿ ಬೇಡವೇ? ಒಂದು ವಹಿಯಲ್ಲಿ ದಿನವಾರು ಬರೆದಿಟ್ಟಿದ್ದೆ. ದವಾಖಾನೆಯಿಂದ ಬಂದ ಮೇಲೆ ರಂಜಕದ ಕಥೆ ತಾನಾಗಿಯೇ ಎದ್ದು ನಿಂತಿತ್ತು. ನಾನು ಅದರ ನೆರಳಿನಲ್ಲಿ ಸುಮ್ಮನೆ ಕುಳಿತುಬಿಟ್ಟೆ. ಊರೆಲ್ಲ ಹೇಳುವ ಮಾತನ್ನು ಜರಡಿ ಹಿಡಿಯುವ ನಾನು, ನನಗೆ ಅನುಕೂಲವಾದ ಆ ಒಂದು ಕಥೆಯನ್ನು ಮಾತ್ರ ಜರಡಿಗೆ ಹಾಕಲಿಲ್ಲ.

ಮನೆಗೆ ಬಂದಾಗ ಆ ತಗಡಿನ ಡಬ್ಬಿ ನನ್ನ ನಿಘಂಟಿನ ಮೇಲೆ ಕುಳಿತಿತ್ತು. ನಾನು ಊರಲ್ಲಿಲ್ಲದ ಹೊತ್ತು ನೋಡಿ ಹೆಂಡತಿ ಗಿರಣಿಯ ಮೂಲೆಗಳನ್ನೆಲ್ಲ ಗುಡಿಸಿದ್ದಳು. ಅವಳು ಕೂಗಾಡಲಿಲ್ಲ. ಡಬ್ಬಿಯನ್ನು ಕಿವಿಯ ಬಳಿ ಅಲ್ಲಾಡಿಸಿ, "ಇವನ್ನೂ ಬೀಸಿ ಕೊಡ್ತೀರೇನ್ರಿ? ಸಣ್ಣಗ ಬೇಕು, ರೊಟ್ಟಿ ಬಡೀತೇನಿ" ಎಂದಳು.

ಮೂರು ತಿಂಗಳ ಬಳಿಕ ಮನೆಯಲ್ಲಿ ಯಾರೋ ನನ್ನನ್ನು ಕಾಡಿದ್ದರು. ನಾಚಿಕೆಯ ನಡುವೆಯೂ ಮೈಯಲ್ಲಿ ಜೀವ ಬಂದಂತಾಯಿತು. ಮರುದಿನ ಮುಂಜಾನೆ ಡಬ್ಬಿಯನ್ನೂ ವಹಿಯನ್ನೂ ಚೀಲಕ್ಕೆ ಹಾಕಿಕೊಂಡು, ಹೆಂಡತಿಯೊಂದಿಗೆ ಬ್ಯಾಡಗಿಯ ಬಸ್ಸು ಹತ್ತಿದೆ.

ಬೀಗರು ಪಡಸಾಲೆಯಲ್ಲಿದ್ದರು. "ಆರಾಮದೀ..." ಎನ್ನುವಷ್ಟರಲ್ಲಿ ನಾನು ವಹಿಯನ್ನು ಅವರ ಕೈಗಿಟ್ಟೆ. "ಬೀಗ್ರ, ಇದನ್ನ ಎಲ್ಲಾರಿಗೂ ಕೇಳೂಹಂಗ ಓದ್ರಿ" ಎಂದೆ. ಸೊಸೆ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು, ಬೀಗಿತಿ ಅಡಿಗೆಮನೆಯಿಂದ ಬಂದರು. ಬೀಗರು ಕನ್ನಡಕ ಏರಿಸಿ, ಕೋರ್ಟಿನ ಕಾಗದವೆಂಬಂತೆ ಗಂಭೀರವಾಗಿ ಶುರು ಮಾಡಿದರು.

"ಮೊದಲನೆಯ ದಿನ. ಗುಳಿಗೆ ತೆಗೆದುಕೊಂಡಿಲ್ಲ. ಏನೂ ಆಗಿಲ್ಲ." ತಲೆ ಎತ್ತಿ ನನ್ನನ್ನು ನೋಡಿದರು. ಓದಿರೆಂದು ಕೈಸನ್ನೆ ಮಾಡಿದೆ.

"ಆರನೆಯ ದಿನ. ಏನೂ ಆಗಿಲ್ಲ. ವೈದ್ಯಶಾಸ್ತ್ರವು ಪುನರ್ವಿಮರ್ಶೆಗೆ ಅರ್ಹವಾಗಿದೆ.

"ಹದಿನಾಲ್ಕನೆಯ ದಿನ. ಕುತ್ತಿಗೆ ಹಿಡಿದಿದೆ. ದಿಂಬು ಹಳೆಯದು.

"ಹದಿನೇಳನೆಯ ದಿನ. ಮೆಟ್ಟಿಲು ಹತ್ತುವಾಗ ಏದುಸಿರು. ಮೆಟ್ಟಿಲು ಕಟ್ಟಿದ ಗೌಂಡಿ ಅಳತೆ ತಪ್ಪಿದ್ದಾನೆ."

ಸೊಸೆಯ ಕಡೆಯಿಂದ ಒಂದು ಸಣ್ಣ ಸದ್ದು ಬಂತು. ಬೀಗರ ದನಿ ನಡುಗತೊಡಗಿತ್ತು.

"ಹತ್ತೊಂಬತ್ತನೆಯ ದಿನ. ಕಣ್ಣು ಮಂಜು. ಪತ್ರಿಕೆಯವರು ಮಸಿ ಉಳಿಸುತ್ತಿದ್ದಾರೆ.

"ಇಪ್ಪತ್ತೊಂದನೆಯ ದಿನ. ಮುಂಜಾನೆಯಿಂದ ತಲೆ ಭಾರ, ಎದೆ ಬಿಗಿತ. ಬೀಗರು ಬರುವ ದಿನ, ಸಹಜ."

ನಾನು ಹೇಳಬೇಕಾದುದನ್ನು ಹೇಳಿದೆ. ಎದೆ ಬಿಗಿದದ್ದು ರಂಜಕ ಬಾಯಿಗೆ ಬೀಳುವ ಮೊದಲು, ಗುಳಿಗೆಗಳು ಇಗೋ ಈ ಡಬ್ಬಿಯಲ್ಲಿವೆ, ತಪ್ಪು ನನ್ನದು, ತಿಳಿದೂ ಮೂರು ತಿಂಗಳು ಬಾಯಿ ಬಿಡದಿದ್ದುದು ಅದಕ್ಕಿಂತ ದೊಡ್ಡ ತಪ್ಪು.

ಬೀಗರ ಮುಖ ಅವರೂರಿನ ಕಾಯಿಯ ಬಣ್ಣಕ್ಕೆ ತಿರುಗಿತು. ಎದ್ದು ನಿಂತರು. ಅವರಿಗೆ ಅಷ್ಟು ಸಿಟ್ಟು ಬಂದುದನ್ನು ನಾನು ಕಂಡದ್ದು ಅದೊಂದೇ ಸಲ.

"ಮೂರ ತಿಂಗಳು! ಮೂರ ತಿಂಗಳು ಮೊಸರನ್ನ ತಿಂದೇನ್ರಿ ನಾನು! ಮೆಣಸಿನಕಾಯಿ ಕೈಯಾಗ ಹಿಡಿದ್ರ ನಿಮ್ಮ ಮಾರಿ ಕಾಣತಿತ್ತು! ದೇವ್ರಿಗೆ ಹರಕಿ ಹೊತ್ತೇನಿ! ನೀವು ಅಲ್ಲಿ ಡಬ್ಬ್ಯಾಗ ಗುಳಿಗಿ ಕೂಡಿ ಹಾಕ್ಕೋತ..."

"ಬೈರಿ" ಎಂದೆ. "ಬೈಸ್ಕೊಳ್ಳಾಕ ಬಂದೇನಿ."

ಬೈಯಲೆಂದು ಅವರು ಮತ್ತೆ ಬಾಯಿ ತೆರೆದರು. ಕಣ್ಣು ವಹಿಯ ಕಡೆಯ ಸಾಲಿನ ಮೇಲೆ ಬಿತ್ತು. "ಬೀಗರು ಬರುವ ದಿನ..." ಎಂದು ತಮ್ಮಷ್ಟಕ್ಕೆ ಓದಿಕೊಂಡರು. "ಸಹಜ" ಎಂದರು. ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಹೆಗಲು, ಆಮೇಲೆ ಗೋಡೆ ಹಿಡಿದುಕೊಂಡು ಕುಸಿದು ಕುಳಿತರು. ಅಂಥ ನಗು! ಮಗು ಬೆಚ್ಚಿ ಎದ್ದು ಅಳತೊಡಗಿತು. ಸೊಸೆ ಅದನ್ನು ಸಮಾಧಾನ ಮಾಡುತ್ತಲೇ "ಗೌಂಡಿ ಅಳತಿ ತಪ್ಯಾನಂತ!" ಎಂದು ಹೊಸದಾಗಿ ಬೆಂಕಿ ಹಚ್ಚಿದಳು. ಬೀಗಿತಿ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದವರು ಜೋಳದ ರೊಟ್ಟಿಯನ್ನೂ ಕೆಂಪು ಭರಣಿಯನ್ನೂ ತಂದು, ಕೇಳದೆಯೇ ಗಂಡನ ಮುಂದೆ ಇಟ್ಟರು. ಬೀಗರು ರೊಟ್ಟಿ ಮುರಿದು, ರಂಜಕದಲ್ಲಿ ಅದ್ದಿ, ಬಾಯಿಗಿಟ್ಟು ಕಣ್ಣು ಮುಚ್ಚಿದರು. ತುಂಬ ಹೊತ್ತು ತೆರೆಯಲಿಲ್ಲ.

ಕಣ್ಣು ತೆರೆದಾಗ ನನ್ನ ಮೂಗನ್ನೂ ಮಗುವಿನ ಮೂಗನ್ನೂ ಒಂದಾದ ಮೇಲೊಂದರಂತೆ ನೋಡಿದರು. "ಕಡ್ಡಿ ಸಾವ್ಕಾರ್ರ, ಹಡದ ದಿನಾನ ಕೇಳಬೇಕಂತಿದ್ದೆ. ಮೂಗ ಕೊಟ್ಟೀರಿ, ಸರಿ. ಅದನ್ನ ಹೊರಾಕ ಕೂಸಿಗೆ ಒಬ್ಬ ಆಳನ್ನ ಕೊಡ್ತೀರೋ ಇಲ್ಲೋ?"

ಮಳೆ ಹಿಡಿದು ಬಿತ್ತನೆ ನಡೆದಿರುವಾಗ ತೊಟ್ಟಿಲ ಕಾರ್ಯ ಬ್ಯಾಡಗಿಯಲ್ಲಿ ನಡೆಯಿತು. ಬೀಗರಿಗೆ ಬದನೆಕಾಯಿ, ಉಳ್ಳಾಗಡ್ಡಿಯ ಮಾಲೆ ಹಾಕಿ ಕಾಡುವ ರೂಢಿ ನಮ್ಮಲ್ಲಿದೆ. ಅದಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಆದರೆ ಬೀಗರು ಹರಿವಾಣದಲ್ಲಿ ಹೊತ್ತು ತಂದ ಮಾಲೆ ಬೇರೆಯೇ ಆಗಿತ್ತು: ಒಂದು ಕೆಂಪು ಡಬ್ಬಿ ಮೆಣಸಿನಕಾಯಿ, ಒಂದು ಬೆಳ್ಳಗೆ ಮಿನುಗುವ ಖಾಲಿ ಗುಳಿಗೆಯ ಪಟ್ಟಿ, ಮತ್ತೆ ಮೆಣಸಿನಕಾಯಿ, ಮತ್ತೆ ಪಟ್ಟಿ. ದವಾಖಾನೆಯಿಂದ ಬಂದಂದಿನಿಂದ ನಾನು ನುಂಗಿದ ಗುಳಿಗೆಗಳ ಪಟ್ಟಿಗಳವು. ಅಂಗಡಿಯಲ್ಲಿ ತೋರಿಸಿ ಅದೇ ಗುಳಿಗೆ ತರಲೆಂದು ಹೆಂಡತಿ ಎತ್ತಿಡುತ್ತಿದ್ದುದನ್ನು ನೋಡಿದ್ದೆ. ಅವು ಬ್ಯಾಡಗಿಗೆ ಹೋಗುತ್ತಿದ್ದವೆಂದು ಯಾರಿಗೆ ಗೊತ್ತಿತ್ತು? ಇಬ್ಬರು ಬೀಗಿತಿಯರೂ ಸೇರಿ ಅದನ್ನು ಪೋಣಿಸಿದ್ದರು.

"ಪುನರ್ವಿಮರ್ಶೆ ಮಾಡಿದೋರಿಗೆ ಬ್ಯಾಡಗಿ ಮಂದಿ ಸತ್ಕಾರ" ಎಂದು ಬೀಗರು ಅದನ್ನು ನನ್ನ ಕೊರಳಿಗೆ ಹಾಕಿದರು. ಇಡೀ ಓಣಿ ಚಪ್ಪಾಳೆ ತಟ್ಟಿತು. ನಾನು ಬಾಗಿ ಮಗುವನ್ನು ತೊಟ್ಟಿಲಿಗೆ ಹಾಕುವಾಗ ಅದು ಮಿನುಗುವ ಪಟ್ಟಿಯೊಂದನ್ನು ಕಣ್ಣರಳಿಸಿ ನೋಡಿತು.

ಊಟಕ್ಕೆ ಮಾಲೆಯ ಸಮೇತ ಕುಳಿತೆ. ತೆಗೆಯಲು ಯಾರೂ ಬಿಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ತೆಗೆಯುವ ಮನಸ್ಸಿರಲಿಲ್ಲ. ಬೀಗರು ಭರಣಿ ಹಿಡಿದು ಎದುರಿಗೆ ಬಂದರು. ಒಂದು ಕ್ಷಣ, ಒಂದೇ ಕ್ಷಣ, ಅವರ ಚಮಚ ಗಾಳಿಯಲ್ಲಿ ತಡೆದು ನಿಂತಿತು. ಕಣ್ಣಿನಲ್ಲಿ ಆ ಹಳೆಯ ಪ್ರಶ್ನೆ ಇಣುಕಿದ್ದನ್ನು ಕಂಡೆ. ನಾನೇ ರೊಟ್ಟಿಯನ್ನು ಮುಂದೆ ಹಿಡಿದೆ. ಅವರು ಬಡಿಸಿದರು. ಮೂಗಿಗೆ ಬಡಿದ ಘಾಟಿನಿಂದಲೇ ಈ ಕಾಯಿ ಯಾವ ಸೀಮೆಯಿಂದ ಬಂದದ್ದೆಂದು ತಿಳಿಯಿತು. ತುತ್ತು ನುಂಗಿದೆ. ಕಿವಿ ಉರಿಯಿತು, ಕಣ್ಣು ತುಂಬಿ ಎದುರಿನ ಬೀಗರು ಎರಡಾಗಿ ಕಂಡರು.

"ಹೆಂಗೈತ್ರಿ ಕಡ್ಡಿ ಸಾವ್ಕಾರ್ರ?"

"ಬಣ್ಣ ಐತ್ರಿ" ಎಂದೆ, ನೀರಿನ ತಂಬಿಗೆಯ ಕಡೆ ಕೈ ಹೋಗದಂತೆ ತಡೆಯುತ್ತ. "ಖಾರ ಇಲ್ಲ."

"ಇನ್ನೊಂದು ಚಮಚಾ ಹಾಕ್ರಿ ನಮ್ಮ ಬೀಗ್ರಿಗೆ!" ಎಂದು ಅವರು ಪಂಕ್ತಿಗೆಲ್ಲ ಕೇಳುವಂತೆ ಕೂಗಿದರು.